ಹಳೆಯ ಡೀಸೆಲ್ ಎಂಜಿನ್‌ಗಳಲ್ಲಿ ತಾಪನ ತೈಲದ ಬಳಕೆ

ತಾಪನ ತೈಲ ಅಥವಾ ಹೀಟಿಂಗ್ ಆಯಿಲ್ ಎಂಬುದು ಶೀತ ದೇಶಗಳಲ್ಲಿ ಮನೆ ಮತ್ತು ಕಟ್ಟಡಗಳನ್ನು ಬೆಚ್ಚಗಿಡಲು ಬಾಯ್ಲರ್‌ಗಳಲ್ಲಿ ಉರಿಸುವ ಪೆಟ್ರೋಲಿಯಂ ಉತ್ಪನ್ನವಾಗಿದೆ. ಇದರ ಹಗುರ ದರ್ಜೆಯು ಗುಣಲಕ್ಷಣಗಳಲ್ಲಿ ಡೀಸೆಲ್ ಇಂಧನಕ್ಕೆ ಅತಿ ಸಮೀಪವಾಗಿರುವುದರಿಂದ, ಹಳೆಯ ವಿನ್ಯಾಸದ ಡೀಸೆಲ್ ಎಂಜಿನ್‌ಗಳು ಯಾವುದೇ ಮಾರ್ಪಾಡಿಲ್ಲದೆ ಇದರಿಂದ ಚಲಿಸಬಲ್ಲವು. ತಾಪನ ತೈಲದ ಮೇಲಿನ ತೆರಿಗೆಯು ವಾಹನ ಇಂಧನದ ಮೇಲಿನ ತೆರಿಗೆಗಿಂತ ಬಹಳ ಕಡಿಮೆಯಿರುವ ಯುರೋಪ್ ಮತ್ತು ಉತ್ತರ ಅಮೆರಿಕದ ದೇಶಗಳಲ್ಲಿ ಈ ಬಳಕೆ ಬಹುಕಾಲದಿಂದ ಕಂಡುಬಂದಿದೆ. ಸಾರ್ವಜನಿಕ ರಸ್ತೆಯ ವಾಹನಗಳಲ್ಲಿ ಇದನ್ನು ಬಳಸುವುದು ಸಾಮಾನ್ಯವಾಗಿ ತೆರಿಗೆ ವಂಚನೆಯ ಅಪರಾಧವಾಗುತ್ತದೆ. ಸ್ಥಿರ ಜನರೇಟರ್‌ಗಳಂತಹ ಕೆಲವು ಯಂತ್ರಗಳಲ್ಲಿ ಮಾತ್ರ ಇದರ ಬಳಕೆಗೆ ಕಾನೂನಿನ ಒಪ್ಪಿಗೆಯಿದೆ.

ಹಿನ್ನೆಲೆ

ಜರ್ಮನಿಯ ಎಂಜಿನಿಯರ್ ರುಡಾಲ್ಫ್ ಡೀಸೆಲ್ ರೂಪಿಸಿದ ಎಂಜಿನ್ 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಯಶಸ್ವಿಯಾಗಿ ಪರೀಕ್ಷೆಗೊಳಗಾಯಿತು. ಈ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಅತಿಯಾಗಿ ಸಂಪೀಡಿಸಿದಾಗ ಅದು ಕಾಯುತ್ತದೆ. ಆ ಬಿಸಿಗಾಳಿಯೊಳಕ್ಕೆ ಸಿಂಪಡಿಸಿದ ಇಂಧನವು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಈ ತತ್ತ್ವದಿಂದಾಗಿ ಡೀಸೆಲ್ ಎಂಜಿನ್ ಇಂಧನದ ವಿಷಯದಲ್ಲಿ ಸಾಕಷ್ಟು ಸಹಿಷ್ಣುವಾಗಿದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಅನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಲಾಗಿತ್ತು.

1936ರಲ್ಲಿ ಮರ್ಸಿಡಿಸ್-ಬೆಂಜ್ 260 ಡಿ ಕಾರಿನೊಂದಿಗೆ ಡೀಸೆಲ್ ಎಂಜಿನ್ ಪ್ರಯಾಣಿಕ ವಾಹನಗಳಿಗೂ ಬಂದಿತು. ಎರಡನೆಯ ಮಹಾಯುದ್ಧದ ನಂತರ ಜರ್ಮನಿ, ಅಮೆರಿಕದ ಈಶಾನ್ಯ ರಾಜ್ಯಗಳು ಮತ್ತು ಬ್ರಿಟಿಷ್ ದ್ವೀಪಗಳಲ್ಲಿ ಕಲ್ಲಿದ್ದಲಿನ ಒಲೆಗಳ ಬದಲಿಗೆ ತೈಲದ ಬಾಯ್ಲರ್‌ಗಳು ಹೆಚ್ಚಿದವು. ಮನೆಯ ನೆಲಮಾಳಿಗೆಯಲ್ಲೋ ಹಿತ್ತಲಿನಲ್ಲೋ ನೂರಾರು ಅಥವಾ ಸಾವಿರಾರು ಲೀಟರ್ ತೈಲ ಹಿಡಿಯುವ ಟ್ಯಾಂಕ್ ಇರಿಸಿ, ಚಳಿಗಾಲಕ್ಕೆ ಮುನ್ನ ಟ್ಯಾಂಕರ್ ಲಾರಿಯಿಂದ ತುಂಬಿಸಿಕೊಳ್ಳುವುದು ಅಲ್ಲಿನ ರೂಢಿಯಾಯಿತು. ಹೀಗಾಗಿ ಡೀಸೆಲ್ ಕಾರು ಹೊಂದಿದ ಅನೇಕ ಕುಟುಂಬಗಳ ಮನೆಯಲ್ಲಿಯೇ, ಕಾರಿನ ಇಂಧನವನ್ನು ಬಹುಪಾಲು ಹೋಲುವ, ಆದರೆ ಅದಕ್ಕಿಂತ ಅಗ್ಗವಾದ ತೈಲದ ದಾಸ್ತಾನು ಇರುವಂತಾಯಿತು.

ತೈಲದ ಸ್ವರೂಪ

ಕಚ್ಚಾ ತೈಲವನ್ನು ಶುದ್ಧೀಕರಣಾಗಾರದಲ್ಲಿ ಬಟ್ಟಿ ಇಳಿಸುವಾಗ, ಪೆಟ್ರೋಲಿನಂತಹ ಹಗುರ ಅಂಶಗಳು ಕಡಿಮೆ ಉಷ್ಣತೆಯಲ್ಲಿ ಬೇರ್ಪಡುತ್ತವೆ. ಡಾಂಬರಿನಂತಹ ಭಾರದ ಅಂಶಗಳು ತಳದಲ್ಲಿ ಉಳಿಯುತ್ತವೆ. ಇವೆರಡರ ನಡುವೆ, ಸರಿಸುಮಾರು 180ರಿಂದ 370 ಡಿಗ್ರಿ ಸೆಲ್ಸಿಯಸ್ ವ್ಯಾಪ್ತಿಯಲ್ಲಿ ಕುದಿಯುವ ಭಾಗವನ್ನು ಮಧ್ಯಮ ಬಟ್ಟಿ ಉತ್ಪನ್ನ ಎನ್ನುತ್ತಾರೆ. ಡೀಸೆಲ್ ಮತ್ತು ಹಗುರ ತಾಪನ ತೈಲ ಎರಡೂ ಈ ಭಾಗದಿಂದಲೇ ತಯಾರಾಗುತ್ತವೆ. ಒಂದು ಲೀಟರ್ ತೈಲದಿಂದ ದೊರೆಯುವ ಶಕ್ತಿಯೂ ಎರಡರಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದು, ಸುಮಾರು 10 ಕಿಲೋವ್ಯಾಟ್-ಗಂಟೆಯಷ್ಟಿರುತ್ತದೆ.

ತಾಪನ ತೈಲ ಎಂಬ ಹೆಸರು ಎಲ್ಲೆಡೆ ಒಂದೇ ದ್ರವವನ್ನು ಸೂಚಿಸುವುದಿಲ್ಲ. ಅಮೆರಿಕದಲ್ಲಿ ಎಎಸ್‌ಟಿಎಂ ಡಿ396 ಮಾನಕದ 2ನೇ ಸಂಖ್ಯೆಯ ತೈಲವು ಮನೆಗಳಲ್ಲಿ ಬಳಕೆಯಲ್ಲಿದೆ. ಜರ್ಮನಿಯಲ್ಲಿ ಡಿಐಎನ್ 51603-1 ಮಾನಕಕ್ಕೆ ಒಳಪಟ್ಟ ತೈಲವನ್ನು ಹೈಟ್ಸೋಲ್ ಇಎಲ್ ಎಂದು ಕರೆಯುತ್ತಾರೆ. ಈ ಎರಡೂ ಡೀಸೆಲ್‌ಗೆ ಹತ್ತಿರವಾದವು. ಬ್ರಿಟನ್ ಮತ್ತು ಐರ್ಲೆಂಡಿನ ಮನೆಗಳಲ್ಲಾದರೋ ಬಹುತೇಕ ಸೀಮೆಎಣ್ಣೆಯನ್ನು ಉರಿಸುತ್ತಾರೆ. ಅದು ಡೀಸೆಲ್‌ಗಿಂತ ತೆಳುವಾದ ಹಾಗೂ ಜಾರುಗುಣ ಕಡಿಮೆಯಿರುವ ದ್ರವ. ಹಡಗುಗಳಲ್ಲೂ ದೊಡ್ಡ ಕುಲುಮೆಗಳಲ್ಲೂ ಉರಿಸುವ ಭಾರ ಕುಲುಮೆ ಎಣ್ಣೆಯು ಬಿಸಿ ಮಾಡದೆ ಸುಲಭವಾಗಿ ಹರಿಯುವುದಿಲ್ಲವಾದ್ದರಿಂದ ವಾಹನಗಳ ಎಂಜಿನ್‌ಗಳಿಗೆ ಅದು ಸಲ್ಲದು.

ಡೀಸೆಲ್‌ಗೂ ತಾಪನ ತೈಲಕ್ಕೂ ಇರುವ ವ್ಯತ್ಯಾಸಗಳು

ಮೂಲ ಒಂದೇ ಆದರೂ, ಒಂದನ್ನು ಎಂಜಿನ್‌ಗಾಗಿ ಮತ್ತೊಂದನ್ನು ಜ್ವಾಲೆಗಾಗಿ ಸಿದ್ಧಪಡಿಸುವುದರಿಂದ ಅವುಗಳ ಮಾನಕಗಳು ಬೇರೆಯಾಗಿವೆ. ಮುಖ್ಯ ವ್ಯತ್ಯಾಸಗಳು ಹೀಗಿವೆ:

- ಸೀಟೇನ್ ಸಂಖ್ಯೆ: ಸಂಪೀಡಿತ ಗಾಳಿಯಲ್ಲಿ ಇಂಧನವು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ಈ ಸಂಖ್ಯೆ ತಿಳಿಸುತ್ತದೆ. ಯುರೋಪಿನ ಡೀಸೆಲ್ ಮಾನಕವಾದ ಇಎನ್ 590ರ ಪ್ರಕಾರ ಇದು ಕನಿಷ್ಠ 51 ಇರಬೇಕು. ಅಮೆರಿಕದ ಎಎಸ್‌ಟಿಎಂ ಡಿ975ರ ಪ್ರಕಾರ ಕನಿಷ್ಠ 40. ಬಾಯ್ಲರಿನಲ್ಲಿ ತೈಲವನ್ನು ವಿದ್ಯುತ್ ಕಿಡಿಯಿಂದ ಹೊತ್ತಿಸುವುದರಿಂದ ತಾಪನ ತೈಲಕ್ಕೆ ಇಂತಹ ಮಿತಿಯ ಅಗತ್ಯವಿಲ್ಲ.
- ಗಂಧಕ: ಯುರೋಪಿನಲ್ಲಿ ರಸ್ತೆ ಡೀಸೆಲ್‌ನ ಗಂಧಕದ ಮಿತಿ 2009ರಿಂದ ದಶಲಕ್ಷಕ್ಕೆ 10 ಭಾಗ. ಅಲ್ಲಿನ ತಾಪನ ತೈಲದಲ್ಲಿ 2008ರಿಂದ ದಶಲಕ್ಷಕ್ಕೆ 1000 ಭಾಗದವರೆಗೆ ಗಂಧಕವಿರಬಹುದು. ಜರ್ಮನಿಯಲ್ಲಿ ದೊರೆಯುವ ಅಲ್ಪಗಂಧಕ ದರ್ಜೆಯಲ್ಲಿ ಈ ಮಿತಿ 50 ಭಾಗ.
- ಜಾರುಗುಣ: ಇಂಧನ ಪಂಪಿನ ಲೋಹದ ಭಾಗಗಳು ಸವೆಯದಂತೆ ಕಾಯುವ ಗುಣವಿದು. ಡೀಸೆಲ್ ಮಾನಕಗಳು ಇದಕ್ಕೆ ಮಿತಿಯನ್ನು ನಿಗದಿಪಡಿಸಿವೆ. ಎಲ್ಲ ದೇಶಗಳ ತಾಪನ ತೈಲದ ಮಾನಕಗಳೂ ಅಂತಹ ಮಿತಿಯನ್ನು ವಿಧಿಸುವುದಿಲ್ಲ.
- ಚಳಿಯಲ್ಲಿನ ವರ್ತನೆ: ಉಷ್ಣತೆ ಇಳಿದಾಗ ಮಧ್ಯಮ ಬಟ್ಟಿ ಉತ್ಪನ್ನಗಳಲ್ಲಿರುವ ಮೇಣವು ಹರಳುಗಟ್ಟಿ ಫಿಲ್ಟರನ್ನು ಕಟ್ಟಿಬಿಡುತ್ತದೆ. ಜರ್ಮನಿಯ ಚಳಿಗಾಲದ ಡೀಸೆಲ್ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ವರೆಗೆ ಫಿಲ್ಟರಿನ ಮೂಲಕ ಹರಿಯಬೇಕು. ಕಟ್ಟಡದೊಳಗೆ ಸಂಗ್ರಹಿಸುವ ತಾಪನ ತೈಲಕ್ಕೆ ಇಷ್ಟು ಕಠಿಣ ನಿಯಮವಿಲ್ಲ.
- ಶುಚಿತ್ವ: ಮನೆಯ ಟ್ಯಾಂಕಿನಲ್ಲಿ ತೈಲವು ಎರಡು-ಮೂರು ವರ್ಷ ಉಳಿಯುವುದುಂಟು. ತಳದಲ್ಲಿ ನೀರು ಮತ್ತು ಗಸಿ ಸೇರುತ್ತವೆ. ನೀರೂ ತೈಲವೂ ಸೇರುವ ಅಂಚಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯನ್ನು ಉಂಟುಮಾಡುತ್ತವೆ.

ಹಳೆಯ ಎಂಜಿನ್‌ಗಳ ವಿನ್ಯಾಸ

1970 ಮತ್ತು 1980ರ ದಶಕದ ಬಹುತೇಕ ಡೀಸೆಲ್ ಕಾರುಗಳಲ್ಲಿ ಪರೋಕ್ಷ ಇಂಧನ ಸಿಂಪಡಣೆಯ ಎಂಜಿನ್‌ಗಳಿದ್ದವು. ಇವುಗಳಲ್ಲಿ ಇಂಧನವನ್ನು ನೇರವಾಗಿ ಸಿಲಿಂಡರಿಗೆ ಬಿಡುವ ಬದಲು, ಸಿಲಿಂಡರಿನ ತಲೆಭಾಗದಲ್ಲಿರುವ ಪುಟ್ಟ ಪೂರ್ವಕೋಷ್ಠವೊಂದಕ್ಕೆ ಸಿಂಪಡಿಸಲಾಗುತ್ತದೆ. ದಹನವು ಅಲ್ಲಿ ಮೊದಲಾಗಿ, ಉರಿಯುವ ಮಿಶ್ರಣವು ರಭಸದಿಂದ ಮುಖ್ಯ ಕೋಷ್ಠಕ್ಕೆ ನುಗ್ಗುತ್ತದೆ. ಪೂರ್ವಕೋಷ್ಠದ ಬಿಸಿ ಗೋಡೆ ಮತ್ತು ಗಾಳಿಯ ಸುಳಿಯ ನೆರವಿನಿಂದ ಮಿಶ್ರಣ ಚೆನ್ನಾಗಿ ಆಗುವುದರಿಂದ, ಇಂಧನವನ್ನು ಅತಿ ಸೂಕ್ಷ್ಮ ಹನಿಗಳಾಗಿ ಒಡೆಯಬೇಕಾದ ಅಗತ್ಯ ಕಡಿಮೆ. ಇಂತಹ ಎಂಜಿನ್‌ಗಳ ಇಂಜೆಕ್ಟರ್‌ಗಳು ನೂರು-ನೂರೈವತ್ತು ಬಾರ್‌ನಷ್ಟು ಒತ್ತಡದಲ್ಲಿ ತೆರೆದುಕೊಳ್ಳುತ್ತವೆ. ಇಂಧನದ ಪ್ರಮಾಣ ಮತ್ತು ಸಿಂಪಡಣೆಯ ಸಮಯವನ್ನು ಯಾಂತ್ರಿಕ ಪಂಪೇ ನಿಯಂತ್ರಿಸುತ್ತದೆ. ಹೊಗೆಕೊಳವೆಯಲ್ಲಿ ವೇಗವರ್ಧಕ ಅಥವಾ ಕಣ ಶೋಧಕಗಳಿರುವುದಿಲ್ಲ.

ಪಂಪಿನ ಬಗೆಯೂ ಇಲ್ಲಿ ಮುಖ್ಯವಾಗುತ್ತದೆ. ಮರ್ಸಿಡಿಸ್-ಬೆಂಜ್ ಸಂಸ್ಥೆಯ ಐದು ಸಿಲಿಂಡರಿನ ಓಎಂ 617 ಎಂಜಿನ್‌ನಲ್ಲಿ ಬಾಷ್ ಸಂಸ್ಥೆಯ ಸಾಲು ಪಂಪು ಇದೆ. ಸಿಲಿಂಡರಿಗೊಂದರಂತೆ ಪಂಪಿನ ದಂಡಗಳು ಸಾಲಾಗಿರುವ ಈ ಪಂಪಿನ ಚಾಲಕ ಭಾಗಗಳಿಗೆ ಎಂಜಿನ್ ಆಯಿಲ್ ಪೂರೈಕೆಯಾಗುತ್ತದೆ. ಅದೇ ಕಾಲದ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿದ್ದ ಬಾಷ್ ವಿಇ ಮಾದರಿಯ ವಿತರಕ ಪಂಪಿನಲ್ಲಾದರೋ ಒಳಗಿನ ಎಲ್ಲ ಭಾಗಗಳಿಗೆ ಅದರ ಮೂಲಕ ಹಾಯುವ ಇಂಧನವೇ ಜಾರೆಣ್ಣೆ. ಆದ್ದರಿಂದ ಜಾರುಗುಣ ಕಡಿಮೆಯಿರುವ ತೈಲವನ್ನು ಸಾಲು ಪಂಪು ಬಹುಮಟ್ಟಿಗೆ ತಾಳಿಕೊಂಡರೆ, ವಿತರಕ ಪಂಪು ಬೇಗ ಸವೆಯುತ್ತದೆ.

ಎಂಜಿನ್ ಮೇಲಿನ ಪರಿಣಾಮಗಳು

ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಎಂಜಿನ್‌ಗೆ ಶುದ್ಧವಾದ ಹಗುರ ತಾಪನ ತೈಲವನ್ನು ತುಂಬಿದಾಗ ಚಾಲಕನಿಗೆ ಹೆಚ್ಚಿನ ವ್ಯತ್ಯಾಸ ತಿಳಿಯದೆ ಹೋಗಬಹುದು. ಸೀಟೇನ್ ಸಂಖ್ಯೆ ಕಡಿಮೆಯಿದ್ದರೆ ತಣ್ಣಗಿರುವ ಎಂಜಿನ್ ಹೊತ್ತಲು ತಡವಾಗುತ್ತದೆ, ಬಡಿತದ ಸದ್ದು ಹೆಚ್ಚುತ್ತದೆ, ಆರಂಭದಲ್ಲಿ ಬಿಳಿ ಹೊಗೆ ಕಾಣುತ್ತದೆ. ಗಸಿಯಿಂದ ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್‌ನ ಶಕ್ತಿ ಕುಂದುತ್ತದೆ.

ಗಂಧಕದ ಪರಿಣಾಮ ನಿಧಾನವಾದುದು. ದಹನದಲ್ಲಿ ಗಂಧಕವು ಆಕ್ಸೈಡ್‌ಗಳಾಗಿ, ನೀರಾವಿಯೊಂದಿಗೆ ಸೇರಿ ಗಂಧಕಾಮ್ಲವನ್ನು ಉಂಟುಮಾಡುತ್ತದೆ. ಎಂಜಿನ್ ಆಯಿಲ್‌ನಲ್ಲಿರುವ ಕ್ಷಾರೀಯ ಸೇರ್ಪಡೆಗಳು ಈ ಆಮ್ಲವನ್ನು ತಟಸ್ಥಗೊಳಿಸುತ್ತವೆ. ಅವು ಮುಗಿದ ನಂತರ ಸಿಲಿಂಡರ್ ಗೋಡೆ ಹಾಗೂ ಬೇರಿಂಗ್‌ಗಳು ಸವೆಯತೊಡಗುತ್ತವೆ. ಹಳೆಯ ಕಾಲದ ಡೀಸೆಲ್‌ನಲ್ಲಿಯೂ ಗಂಧಕ ಹೆಚ್ಚಾಗಿಯೇ ಇದ್ದುದರಿಂದ ಆಗಿನ ಎಂಜಿನ್‌ಗಳಲ್ಲಿ ಆಯಿಲ್ ಬದಲಿಸುವ ಅವಧಿಯನ್ನು ಅದಕ್ಕೆ ತಕ್ಕಂತೆ ಕಡಿಮೆ ಇರಿಸಲಾಗಿತ್ತು.

ಗಂಧಕವನ್ನು ತೆಗೆಯುವುದರಿಂದಲೂ ಬೇರೊಂದು ತೊಡಕು ಉಂಟಾಗುತ್ತದೆ. ಜಲಜನಕದ ನೆರವಿನಿಂದ ಗಂಧಕವನ್ನು ಬೇರ್ಪಡಿಸುವ ಕ್ರಿಯೆಯು ತೈಲಕ್ಕೆ ಸಹಜ ಜಾರುಗುಣ ಕೊಡುವ ಸಂಯುಕ್ತಗಳನ್ನೂ ನಾಶಪಡಿಸುತ್ತದೆ. 1990ರ ದಶಕದ ಆರಂಭದಲ್ಲಿ ಸ್ವೀಡನ್ನಿನಲ್ಲಿ ಅತ್ಯಲ್ಪ ಗಂಧಕದ ಡೀಸೆಲ್ ಬಳಕೆಗೆ ಬಂದಾಗ ಇಂಧನ ಪಂಪುಗಳು ಕೆಟ್ಟುಹೋದವು. ಆ ಅನುಭವದ ಬಳಿಕ ಡೀಸೆಲ್‌ಗೆ ಜಾರುಗುಣದ ಸೇರ್ಪಡೆಗಳನ್ನು ಬೆರೆಸುವುದು ರೂಢಿಗೆ ಬಂದಿತು. ಗಂಧಕ ತೆಗೆದು ಸೇರ್ಪಡೆ ಹಾಕದ ತೈಲವಾಗಲಿ, ಸೀಮೆಎಣ್ಣೆಯಾಗಲಿ ವಿತರಕ ಪಂಪಿಗೆ ಅಪಾಯಕಾರಿ. ಈ ಕೊರತೆ ನೀಗಲು ಕೆಲವರು ಸ್ವಲ್ಪ ಪ್ರಮಾಣದ ಟೂ-ಸ್ಟ್ರೋಕ್ ಆಯಿಲ್ ಅನ್ನು ಬೆರೆಸುತ್ತಾರೆ.

ಆಧುನಿಕ ಎಂಜಿನ್‌ಗಳಿಗೆ ಒಗ್ಗದಿರುವಿಕೆ

1997ರಲ್ಲಿ ಆಲ್ಫಾ ರೋಮಿಯೊ 156 ಕಾರಿನೊಂದಿಗೆ ಮಾರುಕಟ್ಟೆಗೆ ಬಂದ ಕಾಮನ್ ರೈಲ್ ವ್ಯವಸ್ಥೆಯು ಡೀಸೆಲ್ ಎಂಜಿನ್‌ನ ಸ್ವಭಾವವನ್ನೇ ಬದಲಿಸಿತು. ಇದರಲ್ಲಿ ಇಂಧನವನ್ನು ಮೊದಲ ತಲೆಮಾರಿನಲ್ಲಿ 1350 ಬಾರ್, ನಂತರದ ತಲೆಮಾರುಗಳಲ್ಲಿ 2000 ಬಾರ್‌ಗೂ ಹೆಚ್ಚಿನ ಒತ್ತಡದಲ್ಲಿ ಶೇಖರಿಸಿ, ವಿದ್ಯುನ್ಮಾನ ನಿಯಂತ್ರಣದ ಇಂಜೆಕ್ಟರ್‌ಗಳ ಮೂಲಕ ಬಿಡಲಾಗುತ್ತದೆ. ಇವುಗಳ ಬಿಡಿಭಾಗಗಳ ನಡುವಿನ ಅಂತರ ಅತ್ಯಂತ ಕಿರಿದಾದುದರಿಂದ ಸಣ್ಣ ಕಣ, ನೀರಿನ ಹನಿ ಅಥವಾ ಜಾರುಗುಣದ ಕೊರತೆ ಕೂಡ ದುಬಾರಿ ಹಾನಿಯನ್ನು ಉಂಟುಮಾಡುತ್ತದೆ. ಜೊತೆಗೆ, ಹೊಗೆಯನ್ನು ಶುದ್ಧಗೊಳಿಸುವ ವೇಗವರ್ಧಕಗಳನ್ನು ಗಂಧಕವು ನಿಷ್ಕ್ರಿಯಗೊಳಿಸುತ್ತದೆ ಮತ್ತು ಕಣ ಶೋಧಕದಲ್ಲಿ ಬೂದಿ ತುಂಬಲು ಕಾರಣವಾಗುತ್ತದೆ. ಈ ಎಂಜಿನ್‌ಗಳಲ್ಲಿ ತೆರಿಗೆಯಿಂದ ಉಳಿಯುವ ಹಣವು ಒಂದೇ ದುರಸ್ತಿಯ ವೆಚ್ಚಕ್ಕೂ ಸಾಲದೆ ಹೋಗಬಹುದು.

ತೆರಿಗೆ ಮತ್ತು ಕಾನೂನು

ತಾಪನ ತೈಲವನ್ನು ವಾಹನಕ್ಕೆ ತುಂಬುವ ಆಸೆಗೆ ಮೂಲ ಕಾರಣ ಬೆಲೆಯಲ್ಲಿನ ಅಂತರವಾಗಿದ್ದು, ಆ ಅಂತರದ ಬಹುಪಾಲು ತೆರಿಗೆಯಿಂದ ಬಂದುದು. ವಾಹನ ಇಂಧನದ ಮೇಲಿನ ತೆರಿಗೆಯು ಅನೇಕ ದೇಶಗಳಲ್ಲಿ ಸರ್ಕಾರದ ದೊಡ್ಡ ಆದಾಯ ಮೂಲ. ಮನೆಯನ್ನು ಬೆಚ್ಚಗಿಡುವುದು ಶೀತ ದೇಶಗಳಲ್ಲಿ ಬಡವರಿಗೂ ಅನಿವಾರ್ಯವಾದುದರಿಂದ ಆ ತೈಲದ ಮೇಲಿನ ತೆರಿಗೆಯನ್ನು ಸರ್ಕಾರಗಳು ಕಡಿಮೆ ಇರಿಸುತ್ತವೆ.

ಜರ್ಮನಿಯ ಇಂಧನ ತೆರಿಗೆ ಕಾಯ್ದೆಯ ಪ್ರಕಾರ 1000 ಲೀಟರ್ ಅಲ್ಪಗಂಧಕ ಡೀಸೆಲ್‌ಗೆ 470.40 ಯೂರೋ ತೆರಿಗೆಯಿದ್ದರೆ, ಅಲ್ಪಗಂಧಕ ತಾಪನ ತೈಲಕ್ಕೆ 61.35 ಯೂರೋ ಮಾತ್ರ. ಅಂದರೆ ಲೀಟರಿಗೆ ಸುಮಾರು 41 ಸೆಂಟ್‌ಗಳ ವ್ಯತ್ಯಾಸ. 60 ಲೀಟರಿನ ಟ್ಯಾಂಕೊಂದಕ್ಕೆ 24 ಯೂರೋಗಿಂತ ಹೆಚ್ಚು. ಬ್ರಿಟನ್ನಿನಲ್ಲಿ 2011ರಿಂದ 2022ರ ಮಾರ್ಚ್‌ವರೆಗೆ ರಸ್ತೆ ಡೀಸೆಲ್‌ನ ಸುಂಕ ಲೀಟರಿಗೆ 57.95 ಪೆನ್ಸ್ ಇದ್ದರೆ, ರಿಯಾಯಿತಿಯ ಕೆಂಪು ಡೀಸೆಲ್‌ಗೆ 11.14 ಪೆನ್ಸ್ ಇತ್ತು. 2022ರ ಏಪ್ರಿಲ್‌ನಿಂದ ಅಲ್ಲಿ ನಿರ್ಮಾಣ ಕ್ಷೇತ್ರವೂ ಸೇರಿದಂತೆ ಹಲವು ಉದ್ಯಮಗಳಿಗೆ ಕೆಂಪು ಡೀಸೆಲ್ ಬಳಸುವ ಹಕ್ಕನ್ನು ಹಿಂತೆಗೆದುಕೊಳ್ಳಲಾಯಿತು. ಕೃಷಿಗೆ ಅದು ಮುಂದುವರಿದಿದೆ. ಅಮೆರಿಕದಲ್ಲಿ ರಸ್ತೆ ಡೀಸೆಲ್ ಮೇಲೆ ಗ್ಯಾಲನ್‌ಗೆ 24.4 ಸೆಂಟ್ ಒಕ್ಕೂಟ ತೆರಿಗೆ ಇದ್ದು, ರಾಜ್ಯಗಳ ತೆರಿಗೆ ಅದಕ್ಕೆ ಸೇರುತ್ತದೆ. ಬಣ್ಣ ಹಾಕಿದ, ತೆರಿಗೆಯಿಲ್ಲದ ತೈಲವನ್ನು ರಸ್ತೆ ವಾಹನದಲ್ಲಿ ಬಳಸಿದವರಿಗೆ 1000 ಡಾಲರ್ ಅಥವಾ ಗ್ಯಾಲನ್‌ಗೆ 10 ಡಾಲರ್, ಇವೆರಡರಲ್ಲಿ ಹೆಚ್ಚಿನದನ್ನು ದಂಡವಾಗಿ ವಿಧಿಸಲಾಗುತ್ತದೆ. ಅಪರಾಧ ಮರುಕಳಿಸಿದರೆ ದಂಡ ಏರುತ್ತದೆ.

ಬಣ್ಣ ಮತ್ತು ಗುರುತು ರಾಸಾಯನಿಕಗಳು

ಎರಡು ತೈಲಗಳನ್ನು ಕಣ್ಣಿನಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟವಾದ್ದರಿಂದ, ತೆರಿಗೆ ರಿಯಾಯಿತಿಯ ತೈಲಕ್ಕೆ ಸರ್ಕಾರಗಳು ಕಡ್ಡಾಯವಾಗಿ ಬಣ್ಣ ಹಾಕಿಸುತ್ತವೆ. ಜರ್ಮನಿ ಮತ್ತು ಅಮೆರಿಕದಲ್ಲಿ ತಾಪನ ತೈಲದ ಬಣ್ಣ ಕೆಂಪು. ಬಣ್ಣವಲ್ಲದೆ, ಸುಲಭವಾಗಿ ಕಾಣದ ಗುರುತು ರಾಸಾಯನಿಕವನ್ನೂ ಬೆರೆಸುವುದುಂಟು. ಯುರೋಪ್ ಒಕ್ಕೂಟವು 2002ರಿಂದ ಸಾಲ್ವೆಂಟ್ ಯೆಲ್ಲೊ 124 ಎಂಬ ಸಂಯುಕ್ತವನ್ನು ಲೀಟರಿಗೆ ಕನಿಷ್ಠ 6 ಮಿಲಿಗ್ರಾಂ ಪ್ರಮಾಣದಲ್ಲಿ ಸೇರಿಸುವುದನ್ನು ಕಡ್ಡಾಯಗೊಳಿಸಿತು. ಇದು ಆಮ್ಲದೊಂದಿಗೆ ಸೇರಿದಾಗ ಕೆಂಪಾಗುತ್ತದೆ. ಸುಂಕ ಅಧಿಕಾರಿಗಳು ರಸ್ತೆಬದಿಯಲ್ಲಿ ವಾಹನದ ಟ್ಯಾಂಕಿನಿಂದ ಮಾದರಿ ತೆಗೆದು ಪರೀಕ್ಷಿಸಿದಾಗ, ಡೀಸೆಲ್‌ಗೆ ಬೆರೆಸಿದ ಅಲ್ಪ ಪ್ರಮಾಣದ ತಾಪನ ತೈಲವೂ ಪತ್ತೆಯಾಗುತ್ತದೆ.

ಬಣ್ಣದ ಜೊತೆಗೇ ಬಣ್ಣ ತೆಗೆಯುವ ದಂಧೆಯೂ ಬೆಳೆಯಿತು. ಉತ್ತರ ಐರ್ಲೆಂಡ್ ಮತ್ತು ಐರ್ಲೆಂಡ್ ಗಣರಾಜ್ಯದ ಗಡಿ ಪ್ರದೇಶದಲ್ಲಿ ರಿಯಾಯಿತಿಯ ಡೀಸೆಲ್‌ನಿಂದ ಆಮ್ಲ ಅಥವಾ ಬಣ್ಣ ಹೀರುವ ಜೇಡಿಮಣ್ಣಿನ ನೆರವಿನಿಂದ ಗುರುತು ರಾಸಾಯನಿಕಗಳನ್ನು ತೆಗೆದು, ಅದನ್ನು ರಸ್ತೆ ಡೀಸೆಲ್ ಎಂದು ಮಾರುವ ಅಕ್ರಮ ಘಟಕಗಳು ಹಲವು ಬಾರಿ ಪತ್ತೆಯಾಗಿವೆ. ಅವುಗಳಿಂದ ಹೊರಬೀಳುವ ವಿಷಕಾರಿ ಗಸಿಯನ್ನು ಹಳ್ಳಿಗಾಡಿನ ರಸ್ತೆಬದಿಯಲ್ಲಿ ಎಸೆದುಹೋಗುವುದರಿಂದ ಅದನ್ನು ತೆರವುಗೊಳಿಸುವ ವೆಚ್ಚವು ಸ್ಥಳೀಯ ಆಡಳಿತದ ಮೇಲೆ ಬೀಳುತ್ತಿತ್ತು. 2015ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್ ಒಟ್ಟಾಗಿ, ತೆಗೆಯಲು ಹೆಚ್ಚು ಕಷ್ಟವಾದ ಹೊಸ ಗುರುತು ರಾಸಾಯನಿಕವನ್ನು ಜಾರಿಗೆ ತಂದವು. ಯುರೋಪ್ ಒಕ್ಕೂಟವೂ 2024ರ ಜನವರಿಯಿಂದ ಹಳೆಯ ಸಂಯುಕ್ತದ ಬದಲಿಗೆ ಬ್ಯುಟಾಕ್ಸಿಬೆಂಜೀನ್ ಅನ್ನು ಗುರುತು ರಾಸಾಯನಿಕವಾಗಿ ಅಳವಡಿಸಿಕೊಂಡಿತು.

ಕಾನೂನುಬದ್ಧ ಬಳಕೆ

ತಾಪನ ತೈಲದಿಂದ ಡೀಸೆಲ್ ಎಂಜಿನ್ ಓಡಿಸುವುದು ಎಲ್ಲ ಸಂದರ್ಭಗಳಲ್ಲೂ ನಿಷಿದ್ಧವಲ್ಲ. ಜರ್ಮನಿಯಲ್ಲಿ ವಿದ್ಯುತ್ ಮತ್ತು ಶಾಖ ಎರಡನ್ನೂ ಒಟ್ಟಿಗೆ ಉತ್ಪಾದಿಸುವ ಸ್ಥಿರ ಎಂಜಿನ್‌ಗಳಿಗೆ ಕಡಿಮೆ ತೆರಿಗೆಯ ಈ ತೈಲವನ್ನು ಬಳಸಬಹುದು. ವಿದ್ಯುತ್ ಕಡಿತಗೊಂಡಾಗ ಕೆಲಸ ಮಾಡುವ ತುರ್ತು ಜನರೇಟರ್‌ಗಳಲ್ಲೂ ಇದು ಬಳಕೆಯಲ್ಲಿದೆ.

ವಿಪತ್ತಿನ ಸಮಯದಲ್ಲಿ ನಿಯಮಗಳನ್ನು ಸಡಿಲಿಸಿದ ಉದಾಹರಣೆಗಳೂ ಇವೆ. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತವು ಅಮೆರಿಕದ ಪೂರ್ವ ಕರಾವಳಿಗೆ ಅಪ್ಪಳಿಸಿ ಇಂಧನ ಪೂರೈಕೆ ಅಸ್ತವ್ಯಸ್ತಗೊಂಡಾಗ, ಅಲ್ಲಿನ ಆಂತರಿಕ ಕಂದಾಯ ಸೇವೆಯು ಬಣ್ಣದ ಡೀಸೆಲ್ ಅನ್ನು ರಸ್ತೆ ವಾಹನಗಳಲ್ಲಿ ಬಳಸಿದವರಿಗೆ ದಂಡ ವಿಧಿಸದಿರಲು ತಾತ್ಕಾಲಿಕವಾಗಿ ನಿರ್ಧರಿಸಿತು. ತೆರಿಗೆಯನ್ನು ಮಾತ್ರ ಪಾವತಿಸಬೇಕಾಗಿತ್ತು.

ಭಾರತದ ಸಂದರ್ಭ

ಭಾರತದ ಬಹುಭಾಗದಲ್ಲಿ ಮನೆಗಳನ್ನು ತೈಲದಿಂದ ಬೆಚ್ಚಗಿಡುವ ರೂಢಿ ಇಲ್ಲದಿರುವುದರಿಂದ ತಾಪನ ತೈಲದ ಮಾರುಕಟ್ಟೆ ಬೆಳೆಯಲಿಲ್ಲ. ಇಲ್ಲಿ ಅದಕ್ಕೆ ಹತ್ತಿರವಾದ ಉತ್ಪನ್ನವೆಂದರೆ ಕುಲುಮೆಗಳಲ್ಲಿಯೂ, ಸಾಮಾನ್ಯವಾಗಿ ನಿಮಿಷಕ್ಕೆ 750 ಸುತ್ತುಗಳಿಗಿಂತ ಕಡಿಮೆ ವೇಗದ ಎಂಜಿನ್‌ಗಳಲ್ಲಿಯೂ ಬಳಸುವ ಲೈಟ್ ಡೀಸೆಲ್ ಆಯಿಲ್. ವಾಹನಗಳಿಗೆ ಬಳಸುವ ಹೈಸ್ಪೀಡ್ ಡೀಸೆಲ್‌ನ ಗುಣಮಟ್ಟವನ್ನು ಐಎಸ್ 1460 ಮಾನಕ ನಿಗದಿಪಡಿಸುತ್ತದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮಗಳ ಪ್ರಕಾರ ಅದರಲ್ಲಿ ಗಂಧಕದ ಮಿತಿ ದಶಲಕ್ಷಕ್ಕೆ 10 ಭಾಗ.

ಯುರೋಪಿನಲ್ಲಿ ತಾಪನ ತೈಲ ಒಡ್ಡಿದ ಸಮಸ್ಯೆಯನ್ನು ಭಾರತದಲ್ಲಿ ಸೀಮೆಎಣ್ಣೆ ಒಡ್ಡಿತು. ಪಡಿತರ ವ್ಯವಸ್ಥೆಯಡಿ ಬಡವರ ಅಡುಗೆ ಮತ್ತು ದೀಪಕ್ಕಾಗಿ ಕಡಿಮೆ ಬೆಲೆಗೆ ಕೊಡುತ್ತಿದ್ದ ಸೀಮೆಎಣ್ಣೆಗೆ ನೀಲಿ ಬಣ್ಣ ಹಾಕಲಾಗುತ್ತಿತ್ತು. ಆದರೂ ಅದನ್ನು ಡೀಸೆಲ್‌ಗೆ ಕಲಬೆರಕೆ ಮಾಡುವ ಜಾಲಗಳು ಬೆಳೆದವು. ಯುರೋಪಿನಲ್ಲಿ ಸಾಮಾನ್ಯವಾಗಿ ವಾಹನದ ಮಾಲೀಕನು ತಿಳಿದೇ ಅಗ್ಗದ ತೈಲ ತುಂಬಿದರೆ, ಇಲ್ಲಿ ಪೂರ್ಣ ಬೆಲೆ ಕೊಟ್ಟ ಗ್ರಾಹಕನಿಗೆ ತಿಳಿಯದಂತೆ ಕಲಬೆರಕೆ ನಡೆಯುತ್ತಿತ್ತು. ಪಡಿತರದ ಎಣ್ಣೆಯೂ ಬಡವರ ಕೈಸೇರುತ್ತಿರಲಿಲ್ಲ.

ಇಂಧನ ಕಲಬೆರಕೆಯ ವಿರುದ್ಧದ ಹೋರಾಟದಲ್ಲಿ ಕರ್ನಾಟಕದ ಷಣ್ಮುಗಂ ಮಂಜುನಾಥ್ ಅವರ ಹೆಸರು ಸ್ಮರಣೀಯವಾಗಿದೆ. ಕೋಲಾರ ಚಿನ್ನದ ಗಣಿ ಪ್ರದೇಶದವರಾದ ಅವರು ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌದ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿ ಸ್ನಾತಕೋತ್ತರ ಶಿಕ್ಷಣ ಪಡೆದು ಇಂಡಿಯನ್ ಆಯಿಲ್ ಕಾರ್ಪೊರೇಷನ್‌ನ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿನ ವಿರುದ್ಧ ಕ್ರಮ ಕೈಗೊಂಡ ಅವರನ್ನು 2005ರ ನವೆಂಬರ್‌ನಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಅಪರಾಧಿಗಳಿಗೆ ವಿಧಿಸಿದ್ದ ಜೀವಾವಧಿ ಶಿಕ್ಷೆಯನ್ನು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು.

ಪ್ರಸ್ತುತ ಸ್ಥಿತಿ

ಇತ್ತೀಚಿನ ದಶಕಗಳಲ್ಲಿ ಎರಡು ತೈಲಗಳ ನಡುವಿನ ರಾಸಾಯನಿಕ ಅಂತರ ಕೆಲವೆಡೆ ಮತ್ತೆ ಕಿರಿದಾಗಿದೆ. ನ್ಯೂಯಾರ್ಕ್ ರಾಜ್ಯವು 2012ರ ಜುಲೈನಿಂದ ತಾಪನ ತೈಲದ ಗಂಧಕವನ್ನು ದಶಲಕ್ಷಕ್ಕೆ 15 ಭಾಗಕ್ಕೆ ಇಳಿಸಿತು. ಅದು ಅಮೆರಿಕದ ರಸ್ತೆ ಡೀಸೆಲ್‌ಗೆ 2006ರಿಂದ ಇರುವ ಮಿತಿಯೇ ಆಗಿದೆ. ಅಂತಹ ಕಡೆ ಗಂಧಕದ ದೃಷ್ಟಿಯಿಂದ ಎರಡರ ನಡುವೆ ಭೇದವಿಲ್ಲ. ಉಳಿದಿರುವುದು ಸೇರ್ಪಡೆಗಳು, ಬಣ್ಣ ಮತ್ತು ತೆರಿಗೆಯ ಭೇದ.

ಇನ್ನೊಂದೆಡೆ, ಈ ಬಳಕೆಗೆ ಆಸ್ಪದವೇ ಕುಗ್ಗುತ್ತಿದೆ. ಪೂರ್ವಕೋಷ್ಠದ ಎಂಜಿನ್ ಇರುವ ಕಾರುಗಳು ಬಹುಮಟ್ಟಿಗೆ ಹಳೆಯ ವಾಹನಪ್ರಿಯರ ಸಂಗ್ರಹಗಳಿಗೆ ಸೀಮಿತವಾಗುತ್ತಿವೆ. ಹವಾಮಾನ ನೀತಿಯ ಭಾಗವಾಗಿ ತೈಲದ ಬಾಯ್ಲರ್‌ಗಳನ್ನೂ ಕಡಿಮೆ ಮಾಡಲಾಗುತ್ತಿದೆ. ನಾರ್ವೆಯು 2020ರ ಜನವರಿಯಿಂದ ಕಟ್ಟಡಗಳನ್ನು ಬೆಚ್ಚಗಿಡಲು ಖನಿಜ ತೈಲ ಉರಿಸುವುದನ್ನು ನಿಷೇಧಿಸಿದೆ. ಮನೆಯ ನೆಲಮಾಳಿಗೆಯ ಟ್ಯಾಂಕುಗಳು ತೆರವಾದಂತೆ, ಅಲ್ಲಿಂದ ಕಾರಿಗೆ ತೈಲ ತುಂಬುವ ಪದ್ಧತಿಯೂ ಮರೆಯಾಗುವ ಹಾದಿಯಲ್ಲಿದೆ.